ಎದ್ದ ಸುದ್ದಿ

ಬೆಳಿಗ್ಗೆ ಏಳೂವರೆಗೆ ಚಿಕ್ಕಹನುಮಂತಪ್ಪ ನ್ಯಾಮತಿಯ ಅಡಿಕೆ ವ್ಯಾಪಾರಿಯೊಬ್ಬನ ಮನೆ ಮುಂದೆ ಬಂದು ನಿಂತ. ಅವನು ಬಾಯಿ ತೆರೆಯುವ ಮೊದಲೇ ಆ ಮನೆಯಲ್ಲಿ ಅಳು ಎದ್ದಿತು. ಯಾರೂ ಸತ್ತಿರಲಿಲ್ಲ.

ಅದು 1979ರ ಏಪ್ರಿಲ್ 16, ಸೋಮವಾರ. ಮನೆಯ ಯಜಮಾನಿ ಪ್ರೇಮಮ್ಮ ಅಂಗಳಕ್ಕೆ ನೀರು ಚಿಮುಕಿಸುತ್ತಿದ್ದಳು. ತಲೆ ಎತ್ತಿ ನೋಡಿದರೆ ಎದುರಿಗೆ ತವರೂರಿನ ಸುದ್ದಿಯವ. ಕೈಯಲ್ಲಿದ್ದ ತಂಬಿಗೆ ಜಾರಿ ಬಿತ್ತು.

"ಅವ್ವಾ! ನನ್ನ ಬಿಟ್ಟು ಹೋದ್ಯಾ ಅವ್ವಾ!"

"ಅಮ್ಮಾರೆ, ತಡೀರಿ, ಹಂಗಲ್ರಿ..." ಎಂದ ಚಿಕ್ಕಹನುಮಂತಪ್ಪ.

ಯಾರೂ ತಡೆಯಲಿಲ್ಲ. ಒಳಗಿಂದ ಅತ್ತೆ ಬಂದಳು, ನಾದಿನಿ ಬಂದಳು. ಆಚೀಚೆ ಮನೆಯವರೂ ಬಂದರು. ಯಾರೋ ಒಲೆಗೆ ನೀರು ಸುರಿದರು. ಯಾರೋ ಅಂಗಡಿ ಬಾಗಿಲು ಹಾಕಿಸಲು ಓಡಿದರು. ಪ್ರೇಮಮ್ಮ ಕೆಸರಾದ ಅಂಗಳದಲ್ಲೇ ಬಿದ್ದು ಹೊರಳಾಡಿ ಎದೆ ಬಡಿದುಕೊಂಡಳು. ಚಿಕ್ಕಹನುಮಂತಪ್ಪ ಎರಡೂ ಕೈ ಮೇಲೆತ್ತಿ, "ಯಾರೂ ಸತ್ತಿಲ್ರೀ! ಯಾರೂ ಸತ್ತಿಲ್ಲ!" ಎಂದು ಕೂಗಿದ. ಅವನ ಕೂಗನ್ನು ಕೇಳಿ ಬೀದಿಯ ಕೊನೆಯ ಮನೆಯವರೂ ಅಳುತ್ತಾ ಹೊರಗೆ ಬಂದರು.

ಅವರ ತಪ್ಪೇನೂ ಇರಲಿಲ್ಲ. ಅವನ ಮುಖ ಕಂಡರೆ ಅಳುವುದು ರೂಢಿಯಾಗಿತ್ತು.

ಚನ್ನಗಿರಿ ಕಡೆ, ನಲ್ಲೂರಿಗೆ ಹತ್ತಿರದ ಸಿರಿಗನಕಟ್ಟೆ ಅವನ ಊರು. ಅಲ್ಲಿ ಊರೊಳಗೆ ಯಾರೇ ಸತ್ತರೂ ನೆಂಟರಿಷ್ಟರ ಊರುಗಳಿಗೆ ಸುದ್ದಿ ಮುಟ್ಟಿಸುವ ಕೆಲಸ ಕೇರಿಯ ಒಂದು ಮನೆತನಕ್ಕೆ ಅಂಟಿತ್ತು. ಅಜ್ಜ ಒಯ್ದಿದ್ದ. ಅಪ್ಪ ಒಯ್ದಿದ್ದ. ಈಗ ಇವನು. ಒಯ್ಯುತ್ತೀಯಾ ಎಂದು ಮೂವರನ್ನೂ ಯಾರೂ ಕೇಳಿರಲಿಲ್ಲ.

ಕೆಲಸಕ್ಕೆ ಕಟ್ಟಳೆಗಳಿದ್ದವು. ಊರು ಹೊಗುವಾಗ ಚಪ್ಪಲಿ ಕಳಚಿ ಕಂಕುಳಲ್ಲಿ ಹಿಡಿಯಬೇಕು. ತಲೆಗೆ ಸುತ್ತಿದ ಟವೆಲು ಬಿಚ್ಚಿ ಸೊಂಟಕ್ಕೆ ಕಟ್ಟಬೇಕು. ಅಂಗಳದ ಅಂಚಿನಲ್ಲಿ ನಿಲ್ಲಬೇಕು. ಸುದ್ದಿ ಹೇಳುವ ಮೊದಲು ನೀರು ಕೇಳಬಾರದು. ಹೇಳಿದ ಮೇಲೆ ಕೇಳಬಹುದು, ಆದರೆ ಆಗ ಕೊಡುವವರೆಲ್ಲ ಅಳುತ್ತಿರುತ್ತಾರೆ. ಅವನು ಬೆನ್ನು ತಿರುಗಿಸಿದ ಮೇಲೆ ನಿಂತ ಜಾಗಕ್ಕೆ ಸೆಗಣಿ ನೀರು ಹಾಕುತ್ತಾರೆ. ಊರಿಗೆ ವಾಪಸು ಬಂದರೆ ಒಂದು ಮೊರ ಜೋಳ, ಒಂದು ಸೀಸೆ ಸಾರಾಯಿ. ಜೋಳ ಮನೆ ಮುಟ್ಟುತ್ತಿತ್ತು. ಸಾರಾಯಿ ದಾರಿಯಲ್ಲೇ ಮುಗಿಯುತ್ತಿತ್ತು.

ಸಾವಿಲ್ಲದ ದಿನಗಳಲ್ಲೂ ಅವನ ಮುಖ ಅವನದಾಗಿರಲಿಲ್ಲ. ಮದುವೆಯ ದಿಬ್ಬಣ ಎದುರಾದರೆ ಬೇಲಿಯ ಹಿಂದೆ ಕೂರಬೇಕು. ಬಿತ್ತನೆಗೆ ಹೊರಟವರು ಅವನನ್ನು ಕಂಡರೆ ಎತ್ತು ತಿರುಗಿಸಿಕೊಂಡು ಮನೆಗೆ ಹೋಗುತ್ತಿದ್ದರು. ಆಮೇಲೆ ಹೊತ್ತು ಮೀರಿತೆಂದು ಅವನನ್ನೇ ಬಯ್ಯುತ್ತಿದ್ದರು.

ಮೂರು ವರ್ಷದ ಹಿಂದೆ, ಬೇಸಿಗೆಯಲ್ಲಿ, ಊರಿನ ದೊಡ್ಡ ತೋಟದ ಮರುಳಪ್ಪನ ತಂದೆ ಸತ್ತರು. ಪ್ರೇಮಮ್ಮ ಆ ಮರುಳಪ್ಪನ ತಂಗಿ. ಆ ದಿನ ಚಿಕ್ಕಹನುಮಂತಪ್ಪನ ಅವ್ವ ಅಜ್ಜಮ್ಮ ಗುಡಿಸಲಲ್ಲಿ ಜ್ವರದಿಂದ ಮಲಗಿದ್ದಳು. "ಅವ್ವಂಗೆ ಹುಷಾರಿಲ್ರಿ, ಬ್ಯಾರೆ ಯಾರನ್ನಾದ್ರೂ ಕಳ್ಸ್ರಿ" ಎಂದು ಅವನು ಬೇಡಿಕೊಂಡ. ಮರುಳಪ್ಪ, "ನಿಮ್ಮವ್ವ ಎಲ್ಲಿಗೂ ಹೋಗಲ್ಲ, ನೀನು ಹೋಗು" ಎಂದ. ಅವನು ಜಗಳೂರು ಸೀಮೆಗೆ ಹೊರಟ. ದಾರಿಯಲ್ಲಿ ಸೊಕ್ಕೆ ಸಿಕ್ಕಿತು. ಅಲ್ಲಿ ಅವನ ತಂಗಿ ಗಾದ್ರಮ್ಮನ ಮನೆ. ಮುದ್ದೆ ಉಂಡ. ತಂಗಿಯ ಜೊತೆ ನಗಾಡಿದ. ಗೌಡರ ಸುದ್ದಿ ಹೊತ್ತುಕೊಂಡು ಮುಂದಕ್ಕೆ ಹೋದ. ಅವನು ನಗಾಡುತ್ತಿದ್ದ ಹೊತ್ತಿಗೆ ಅಜ್ಜಮ್ಮ ಸತ್ತಿದ್ದಳು. ಬಿಸಿಲಿನಲ್ಲಿ ಹೆಣ ಇಡಲಾಗದೆ ಕೇರಿಯವರು ಮಣ್ಣು ಮಾಡಿದರು. ಅವನು ವಾಪಸು ಬಂದಾಗ ಗುಣಿಯ ಮೇಲಿನ ಮಣ್ಣು ಒಣಗಿ ಬಿರುಕು ಬಿಟ್ಟಿತ್ತು. ಆ ಸಂಜೆಯೂ ಮರುಳಪ್ಪನ ಮನೆಯಿಂದ ಸಾರಾಯಿ ಬಂತು. ಕುಡಿದ. ಹೆಂಡತಿ ಭೀಮಕ್ಕನನ್ನು ಹೊಡೆದ. ಹೊಡೆಯಲು ಅವಳೊಬ್ಬಳೇ ಕೈಗೆ ಸಿಗುತ್ತಿದ್ದಳು.

ಅಲ್ಲಿಂದ ಎರಡೂವರೆ ವರ್ಷ ಹಾಗೇ ನಡೆಯಿತು. 1978ರ ಡಿಸೆಂಬರಿನಲ್ಲಿ ಮರುಳಪ್ಪನ ಬೀಗರೊಬ್ಬರ ಸಾವಿನ ಸುದ್ದಿ ಹೇಳಲು ಅವನು ಹೊನ್ನಾಳಿಗೆ ಹೋಗಿದ್ದ. ಸುದ್ದಿ ಹೇಳಿ, ಗಂಟಲು ಒಣಗಿ, ಬಸ್‌ಸ್ಟ್ಯಾಂಡಿನ ಹತ್ತಿರ ಸೈಕಲ್ ಶಾಪಿನ ನೆರಳಿಗೆ ನಿಂತ. ಕಂಕುಳಲ್ಲಿ ಚಪ್ಪಲಿ ಇತ್ತು. ಶಾಪಿನ ದಾನಿಯೇಲಪ್ಪ ಟ್ಯೂಬಿಗೆ ಪಂಚರ್ ಹಾಕುತ್ತಿದ್ದವನು ತಲೆ ಎತ್ತಿದ.

"ಚಪ್ಪಲಿ ಮಾರಾಕಿಟ್ಟೀಯೇನಪ್ಪ?"

"ಇಲ್ರಿ."

"ಹಂಗಾರೆ ಹಾಕ್ಕ. ಬಿಸ್ಲು ಐತೆ. ಬಾ, ಬೆಂಚಿನ ಮ್ಯಾಲೆ ಕುಂದ್ರು."

ಗಿರಾಕಿಗಳು ಕೂರುವ ಬೆಂಚು. ಚಿಕ್ಕಹನುಮಂತಪ್ಪ ಅದರ ತುದಿಯಲ್ಲಿ ಅರ್ಧ ಕೂತ. ದಾನಿಯೇಲಪ್ಪ ತಾನು ಕುಡಿಯುವ ಲೋಟದಲ್ಲೇ ನೀರು ಕೊಟ್ಟ.

"ಹೆಸ್ರೇನು?"

"ಚಿಕ್ಯಾ ಅಂತಾರ್ರಿ."

"ಅಂತಾರೆ ಬಿಡು. ಹೆಸ್ರೇನು ಅಂದೆ."

ಅವನು ಲೋಟದೊಳಗೆ ನೋಡುತ್ತಾ ಸಣ್ಣ ದನಿಯಲ್ಲಿ ಹೇಳಿದ. "ಚಿಕ್ಕಹನುಮಂತಪ್ಪ."

"ನೋಡು, ಎಷ್ಟು ದೊಡ್ಡ ಹೆಸ್ರು ಇಟ್ಕಂಡು ಎಷ್ಟು ಸಣ್ಣಕ್ಕೆ ಹೇಳ್ತೀಯ. ಚಿಕ್ಕಹನುಮಂತಪ್ಪ, ಇನ್ನೊಂದು ಲೋಟ ನೀರು ಕುಡೀತೀಯಾ?"

ಅವನು ಕುಡಿದ. ಮಾತು ಬೆಳೆಯಿತು. ತನ್ನ ಕೆಲಸ ಏನೆಂದು ಹೇಳಿದ. ದಾನಿಯೇಲಪ್ಪ ತನ್ನ ದೇವರು ಯಾರೆಂದು ಹೇಳಿದ. ಬಡಗಿಯ ಮನೆಯಲ್ಲಿ ಬೆಳೆದವನು, ಮುಟ್ಟಬಾರದವರನ್ನು ಮುಟ್ಟಿದವನು, ದೊಡ್ಡವರಿಗೆ ಆಗದವನು. ಹಿಡಿದುಕೊಂಡು ಹೋಗಿ ಊರ ಹೊರಗೆ ಕೊಂದರು.

"ಊರ ಹೊರಗಾ?"

"ಊರ ಹೊರಗೆ."

"ಅಂದ್ರೆ ನಮ್ಮ ಕೇರಿ ಕಡೀಗೆ?"

ದಾನಿಯೇಲಪ್ಪ ಪಂಚರ್ ಬಿಟ್ಟು ಅವನ ಮುಖ ನೋಡಿದ. "ಹೌದು. ನಿಮ್ಮ ಕೇರಿ ಕಡೀಗೇ. ಮೂರನೇ ದಿವ್ಸ ಎದ್ದ."

ಚಿಕ್ಕಹನುಮಂತಪ್ಪ ಕಸುಬುದಾರನ ಪ್ರಶ್ನೆ ಕೇಳಿದ. "ಸತ್ತಿದ್ದು ಸುದ್ದಿ ಎಲ್ರಿಗೂ ಮುಟ್ಟಿರ್ತೈತೆ. ಎದ್ದಿದ್ದು ಸುದ್ದಿ ಒಯ್ದೋರು ಯಾರು?"

"ಹೆಂಗಸ್ರು. ಹೇಳಿದ್ರೆ ಗಂಡಸ್ರು ನಂಬಲಿಲ್ಲ."

"ನಂಬಲ್ರಿ. ಸುದ್ದಿಯೋರ ಕಷ್ಟ ನಂಗೊತ್ತು."

ಆ ಮಧ್ಯಾಹ್ನ ಅವನು ಬಸ್ ಹತ್ತಲಿಲ್ಲ. ಅವ್ವನನ್ನು ಬಿಟ್ಟು ಹೋದದ್ದನ್ನು ಹೇಳಿದ. ಕುಡಿತ ಹೇಳಿದ. ಭೀಮಕ್ಕನ ಮುರಿದ ಕೈಬಳೆ, ಊದಿದ ಕೆನ್ನೆ ಹೇಳಿದ. ಹೇಳುತ್ತಾ ಅತ್ತ. ದಾನಿಯೇಲಪ್ಪ, "ಇದನ್ನೆಲ್ಲ ಆತ ಹೊತ್ತಾನೆ ಕಣಪ್ಪ. ನೀನು ಇಳ್ಸು" ಎಂದ. ಹುಟ್ಟಿದಾಗಿನಿಂದ ಬೇರೆಯವರದನ್ನು ಹೊತ್ತವನಿಗೆ ತನ್ನದನ್ನು ಹೊರುವವನೊಬ್ಬ ಇದ್ದಾನೆ ಎನ್ನುವ ಮಾತು ತಲೆಗೆ ಹತ್ತಲು ಹೊತ್ತು ಬೇಕಾಯಿತು. ಹತ್ತಿದ ಮೇಲೆ ನಗು ಬಂತು. ನಿಲ್ಲಲೇ ಇಲ್ಲ. ಪಂಚರ್ ಹಾಕಿಸಲು ಬಂದವನೂ ಏಕೆಂದು ತಿಳಿಯದೆ ಜೊತೆಗೆ ನಕ್ಕ.

ಊರಿಗೆ ಬಂದ ದಿನ ಸಾರಾಯಿ ಸೀಸೆಯನ್ನು ತಿಪ್ಪೆಗೆ ಸುರಿದ. ಭೀಮಕ್ಕ ಅದನ್ನು ಕಂಡಳು, ನಂಬಲಿಲ್ಲ. ಏಟಿಗಾಗಿ ಕಾದಳು. ವಾರ ಕಳೆಯಿತು, ಏಟು ಬೀಳಲಿಲ್ಲ. ಪರೀಕ್ಷೆಗೆಂದು ಬೇಕಂತಲೇ ಸಾರಿಗೆ ಉಪ್ಪು ಎರಡು ಪಟ್ಟು ಹಾಕಿದಳು. ಅವನು ಉಂಡು, ನೀರು ಕುಡಿದು, ಮತ್ತೆ ನೀರು ಕುಡಿದು, "ಉಪ್ಪು ಚೆನ್ನಾಗೈತೆ" ಎಂದ.

ಅವಳಿಗೆ ತಡೆಯಲಾಗಲಿಲ್ಲ. "ಹೊಡೆಯೋದಿದ್ರೆ ಹೊಡ್ದು ಬಿಡು! ಹಿಂಗೆ ಕಾಯಾಕೆ ನನ್ ಕೈಲಾಗಲ್ಲ!"

ಅವನು ಎದ್ದು ಬಂದು ಅವಳ ಕಾಲು ಹಿಡಿದ.

ಭೀಮಕ್ಕ ಕಿರುಚಿಕೊಂಡು ಹೊರಗೆ ಓಡಿದಳು. "ಬರ್ರೇ! ಯಾರಾದ್ರೂ ಬರ್ರೇ! ನನ್ ಗಂಡಂಗೆ ಏನೋ ಆಗೈತೆ! ಕಾಲಿಗೆ ಬಿದ್ದ!"

ಕೇರಿಯೇ ಸೇರಿತು. ಗಿಡ್ಡಪ್ಪ ಅವನ ಹಣೆ ಮುಟ್ಟಿ ಜ್ವರ ನೋಡಿದ. ಧರ್ಮಪ್ಪ ಬಾಯಿ ಮೂಸಿ ನೋಡಿ, "ಕುಡ್ದಿಲ್ಲ, ಅದೇ ಕಾಯಿಲೆ" ಎಂದು ತೀರ್ಪು ಕೊಟ್ಟ. ಚಿಕ್ಕಹನುಮಂತಪ್ಪ ಎಲ್ಲರ ನಡುವೆ ಕೂತು ಸೈಕಲ್ ಶಾಪಿನ ಕಥೆ ಹೇಳಿದ. ಧರ್ಮಪ್ಪನಿಗೆ ದೇವರಿಗಿಂತ ಬೆಂಚಿನ ಸಂಗತಿ ಹೆಚ್ಚು ಹಿಡಿಸಿತು. "ಬೆಂಚಿನ ಮ್ಯಾಲೆ ಕುಂದ್ರಿಸಿದ್ನಾ? ಖರೆ?" ಎಂದು ಮತ್ತೆ ಮತ್ತೆ ಕೇಳಿದ.

ಭೀಮಕ್ಕ ಇನ್ನೂ ಒಂದು ತಿಂಗಳು ಅನುಮಾನ ಬಿಡಲಿಲ್ಲ. ಆಮೇಲೆ ಒಂದು ದಿನ ಗೊಬ್ಬರದ ಮಂಕರಿ ಹೊತ್ತು ಹೋಗುವಾಗ ತನ್ನಷ್ಟಕ್ಕೆ ತಾನು ಹಾಡಿಕೊಳ್ಳುತ್ತಿದ್ದಳು. ಅದು ಅವಳಿಗೇ ಗೊತ್ತಾಗಿ, ಯಾರಾದರೂ ಕೇಳಿಸಿಕೊಂಡರೇನೋ ಎಂದು ಹಿಂತಿರುಗಿ ನೋಡಿದಳು.

ಏಪ್ರಿಲ್ 15, ಈಸ್ಟರ್ ಭಾನುವಾರ. ಹೊನ್ನಾಳಿಯಲ್ಲಿ ತುಂಗಭದ್ರೆಯ ನೀರಿಗೆ ಅವನನ್ನು ಇಳಿಸಿದರು. ದೀಕ್ಷಾಸ್ನಾನ ಕೊಡಲು ಶಿವಮೊಗ್ಗದಿಂದ ಬಂದಿದ್ದ ಪಾಸ್ಟರು, "ಹೊಸ ಹೆಸರು ಏನು ಇಡೋಣ?" ಎಂದು ಕೇಳಿದರು.

"ಬ್ಯಾಡ್ರಿ. ಇರೋ ಹೆಸ್ರನ್ನೇ ಇನ್ನೂ ಯಾರೂ ಪೂರ್ತಿ ಕರ್ದಿಲ್ಲ."

ಪಾಸ್ಟರು ಪೂರ್ತಿ ಹೆಸರು ಹಿಡಿದು ಕರೆದು ನೀರಿನಲ್ಲಿ ಮುಳುಗಿಸಿದರು. ಅವನು ಮೂಗಿಗೆ ನೀರು ನುಗ್ಗಿ ಕೆಮ್ಮುತ್ತಾ ನಗುತ್ತಾ ಮೇಲೆದ್ದ. "ಇನ್ನೊಂದ್ಸಲ ಮುಳುಗಿಸ್ರೀ!"

"ಒಂದೇ ಸಲ ಸಾಕಪ್ಪ."

"ಸಾಕು ಅಂತ ನಂಗೂ ಗೊತ್ತು. ಖುಷಿಗೆ ಕೇಳ್ದೆ."

ದಂಡೆಯಲ್ಲಿ ಕೂತು ಮೈ ಒಣಗಿಸಿಕೊಳ್ಳುವಾಗ ಅವನಿಗೆ ಯೋಚನೆ ಬಂತು. ಎಷ್ಟೋ ಅಂಗಳಗಳಲ್ಲಿ ನಿಂತಿದ್ದೇನೆ. ಎಲ್ಲ ಕಡೆ ಸತ್ತರು, ಸತ್ತರು ಎಂದೇ ಹೇಳಿದ್ದೇನೆ. ಈಗ ಎದ್ದವನ ಸುದ್ದಿ ಕೈಯಲ್ಲಿದೆ. ಅದೇ ಅಂಗಳಗಳಿಗೆ ಅದನ್ನು ಮುಟ್ಟಿಸುವವರು ಬೇರೆ ಯಾರಿದ್ದಾರೆ? ಹತ್ತಿರದ್ದು ನ್ಯಾಮತಿ. ಮರುದಿನ ಬೆಳಿಗ್ಗೆ ದಾನಿಯೇಲಪ್ಪ ಕೊಟ್ಟ ಬಿಳಿ ಅಂಗಿ ಹಾಕಿದ, ತಲೆಗೆ ಟವೆಲು ಸುತ್ತಿದ, ಕಾಲಿಗೆ ಚಪ್ಪಲಿ ಮೆಟ್ಟಿದ, ಮೊದಲ ಬಸ್ಸು ಹತ್ತಿದ. ಅಂಗಿ ಬದಲಾಗಿದೆ, ಟವೆಲು ತಲೆಯ ಮೇಲಿದೆ, ಜನರಿಗೆ ತಿಳಿದೇ ತಿಳಿಯುತ್ತದೆ ಎಂದುಕೊಂಡಿದ್ದ. ಯಾರೂ ಅಂಗಿ ನೋಡಲಿಲ್ಲ. ಮುಖವೇ ಸಾಕಾಯಿತು.

ಹೀಗೆ ಆ ಸೋಮವಾರ ಅಂಗಳದ ತುಂಬ ಅಳುವವರ ನಡುವೆ ಅವನೊಬ್ಬ ನಗುವವನಾಗಿ ನಿಂತಿದ್ದ. ಕೊನೆಗೆ ಪ್ರೇಮಮ್ಮನ ಗಂಡ ಅವನ ಭುಜ ಹಿಡಿದು ಅಲುಗಿಸಿದ.

"ಯಾವಾಗ ಹೋದ್ರೋ ನಮ್ಮತ್ತೆ?"

"ಎಲ್ಲಿಗೂ ಹೋಗಿಲ್ರಿ. ಸಿದ್ದಲಿಂಗಮ್ಮಾರು ಗಟ್ಟಿ ಅದಾರೆ. ಶನಿವಾರ ನಾನೇ ನೋಡೀನಿ, ಜಗಲಿ ಮ್ಯಾಲೆ ಕುಂತು ಎಲಡಿಕೆ ಕುಟ್ತಿದ್ರು."

ಅಳು ಒಮ್ಮೆಲೇ ನಿಂತಿತು. ಪ್ರೇಮಮ್ಮ ಕೆಸರಿನಿಂದ ಎದ್ದು ಕೂತಳು. "ಮತ್ಯಾಕೆ ಬಂದ್ಯೋ?"

"ಎದ್ದಿದ್ದು ಸುದ್ದಿ ಹೇಳಾಕೆ ಬಂದೆ ಅಮ್ಮಾರೆ. ಸತ್ತೋನು ಎದ್ದಾನೆ."

"ಯಾರು?"

"ಯೇಸು."

ಪ್ರೇಮಮ್ಮ ಗಂಡನ ಮುಖ ನೋಡಿದಳು. ಗಂಡ ಅವಳ ಮುಖ ನೋಡಿದ. ಪ್ರೇಮಮ್ಮನ ಅತ್ತೆ ಮೂಗು ಒರೆಸಿಕೊಂಡು ಕೇಳಿದಳು: "ಆ ಹೆಸ್ರಿನೋರು ನಮ್ಮ ಬೀಗರಾಗೆ ಯಾರವ್ವ ಅದಾರೆ? ದಾವಣಗೆರೆ ಕಡಿಯೋರಾ?"

ಯಾರೋ ಒಬ್ಬರು ಕಿಸಕ್ಕನೆ ನಕ್ಕರು. ಆ ನಗುವೇ ಕೆಲಸ ಕೆಡಿಸಿತು. ಪ್ರೇಮಮ್ಮನ ಗಂಡನಿಗೆ ಅವಮಾನವಾಯಿತು. ಒಲೆ ಆರಿದೆ, ಅಂಗಡಿ ಮುಚ್ಚಿದೆ, ಹೆಂಡತಿಯ ಮೈಯೆಲ್ಲ ಕೆಸರು, ಬೀದಿಯೇ ಸೇರಿದೆ. ಅವನು ಕೊಡೆ ತೆಗೆದುಕೊಂಡು ಹೊಡೆದ. ಹೆಗಲಿಗೆ, ಬೆನ್ನಿಗೆ, ಮೊಣಕೈಗೆ. ಕೊಡೆಯ ಕಡ್ಡಿ ಮುರಿಯಿತು. ಚಪ್ಪಲಿಗಳನ್ನು ಕಾಲಿನಿಂದ ಎಳೆದು ಚರಂಡಿಗೆ ಎಸೆದರು.

ಚಿಕ್ಕಹನುಮಂತಪ್ಪ ಚರಂಡಿಯಿಂದ ಚಪ್ಪಲಿ ಎತ್ತಿಕೊಂಡ. ಆಗಲೂ ನಗು ಪೂರ್ತಿ ಹೋಗಿರಲಿಲ್ಲ. ಆ ಅತ್ತೆಯ ಪ್ರಶ್ನೆಗೆ ಸರಿಯಾದ ಉತ್ತರ ಏನು ಹೇಳಬೇಕಿತ್ತು ಎಂದು ಯೋಚಿಸುತ್ತಿದ್ದ. ಬೀದಿಯ ತಿರುವಿನಲ್ಲಿ ಹಿಂತಿರುಗಿ ನೋಡಿದ. ಆಳು ಹೆಣ್ಣೊಬ್ಬಳು ಅವನು ನಿಂತಿದ್ದ ಜಾಗಕ್ಕೆ ಸೆಗಣಿ ನೀರು ಹಾಕುತ್ತಿದ್ದಳು.

ನಗು ಅಲ್ಲಿ ನಿಂತಿತು.

ಇಷ್ಟು ವರ್ಷ ಅವನು ತಿಳಿದಿದ್ದು ಬೇರೆ. ಆ ನೀರು ಸಾವಿಗೆ ಹಾಕುವುದು, ಸೂತಕಕ್ಕೆ ಹಾಕುವುದು ಎಂದುಕೊಂಡಿದ್ದ. ಇವತ್ತು ಸಾವು ಇರಲಿಲ್ಲ. ನೀರು ಇತ್ತು. ಅದು ಮೊದಲಿನಿಂದಲೂ ಅವನಿಗೇ ಹಾಕಿದ್ದು. ಅಪ್ಪನಿಗೆ, ಅಜ್ಜನಿಗೆ ಹಾಕಿದ್ದು.

ಅವನು ಚಪ್ಪಲಿ ಒರೆಸಿ ಮೆಟ್ಟಿಕೊಂಡ. ಇನ್ನು ಯಾರ ಸಾವಿನ ಸುದ್ದಿಯನ್ನೂ ಒಯ್ಯುವುದಿಲ್ಲ ಎಂದು ನ್ಯಾಮತಿಯ ಆ ತಿರುವಿನಲ್ಲಿ ತೀರ್ಮಾನ ಮಾಡಿದ. ಆಮೇಲೆ ನಗು ಮತ್ತೆ ಬಂತು.

ಪ್ರೇಮಮ್ಮನಿಗೆ ಸಮಾಧಾನವಾಗಲಿಲ್ಲ. ಗಂಡನಿಂದ ಬಾಡಿಗೆ ಕಾರು ಮಾಡಿಸಿಕೊಂಡು ಮಧ್ಯಾಹ್ನವೇ ತವರಿಗೆ ಬಂದಳು. ಚಿಕ್ಕಹನುಮಂತಪ್ಪ ಬಸ್ಸಿಳಿದು ಊರು ಮುಟ್ಟುವಷ್ಟರಲ್ಲಿ ಕಟ್ಟೆಯ ಮೇಲೆ ಮರುಳಪ್ಪ ಮತ್ತು ಊರಿನ ಹಿರಿಯರು ಕಾದು ಕೂತಿದ್ದರು.

"ಬದುಕಿರೋ ನಮ್ಮವ್ವನ್ನ ಸಾಯ್ಸಿ ಬಂದ್ಯೇನೋ ಚಿಕ್ಯಾ?"

"ಇಲ್ರಿ ಗೌಡ್ರೆ. ಅಮ್ಮಾರನ್ನ ಅಳ್ಸಿದ್ದು ತಪ್ಪಾತು. ಸುದ್ದಿ ತಪ್ಪಲ್ಲ."

"ಕಾಲಾಗಿಂದು ಏನದು?"

"ಚಪ್ಲಿ."

"ಊರೊಳಗೆ?"

"ಕಾಲು ಊರೊಳಗೇ ಅದಾವಲ್ರಿ."

ಮರುಳಪ್ಪ ಎದ್ದು ನಿಂತ. ಅಷ್ಟರಲ್ಲಿ ಎದುರಿನ ಮನೆಯ ಜಗಲಿಯಿಂದ ಸಿದ್ದಲಿಂಗಮ್ಮ ಕೂಗಿದಳು. ಎಂಬತ್ತು ದಾಟಿದ ಮುದುಕಿ. ಕಿವಿ ಮಂದ, ಗಂಟಲು ಗಟ್ಟಿ.

"ಏ ಮರುಳಾ, ಅವನ್ನ ಇತ್ತಾಗೆ ಕಳ್ಸು! ನಾನು ಕೇಳೋದೈತೆ!"

ಚಿಕ್ಕಹನುಮಂತಪ್ಪ ಜಗಲಿಯ ಕೆಳಗೆ ಹೋಗಿ ನಿಂತ. ಮುದುಕಿ ಬಗ್ಗಿ ದನಿ ಇಳಿಸಿದಳು. ಇಳಿಸಿದ ದನಿಯೂ ಕಟ್ಟೆಗೆ ಕೇಳುತ್ತಿತ್ತು.

"ಪ್ರೇಮಿ ಅತ್ಲಾ?"

"ಅತ್ರವ್ವ."

"ಎದೆ ಬಡ್ಕಂಡ್ಲಾ?"

"ಬಡ್ಕಂಡ್ರು. ಎರಡೂ ಕೈಲಿ."

"ನೆಲಕ್ಕೆ ಬಿದ್ಲಾ?"

"ಬಿದ್ದು ಹೊಳ್ಳಾಡಿದ್ರು. ಕೆಸ್ರಾಗೆ."

ಸಿದ್ದಲಿಂಗಮ್ಮನ ಬೊಚ್ಚುಬಾಯಿ ಅರಳಿತು. ಒಳಗಡೆ ಬಾಗಿಲ ಹತ್ತಿರ ನಿಂತಿದ್ದ ಪ್ರೇಮಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಳು.

"ಅವ್ರಪ್ಪ ಸತ್ತಾಗ ಬಂದೋಳು, ಆಮ್ಯಾಲೆ ಈ ಹೊಸ್ಲು ತುಳ್ದಿರಲಿಲ್ಲ. ನಾನು ಸತ್ತ ಮ್ಯಾಲೆ ಅತ್ರೆ ನಂಗೆ ಕೇಳ್ತಿತ್ತೇನೋ? ಬದುಕಿದ್ದಂಗೇ ತಿಳೀತು. ಒಳ್ಳೇದು ಮಾಡ್ದೆ. ಏನೋ ಅದು, ಎದ್ದ ಅಂದ್ಯಂತಲ್ಲ, ಯಾರು? ಕುಂತ್ಕಂಡು ಹೇಳು."

ಅವನು ಜಗಲಿಯ ಮೆಟ್ಟಿಲ ಮೇಲೆ ಕೂತ. ಚಪ್ಪಲಿ ಕಾಲಲ್ಲೇ ಇತ್ತು. ಹೇಳಿದ. ಮುದುಕಿ ಹೂಂಗುಟ್ಟುತ್ತಾ ಕೇಳಿದಳು. ನಡುವೆ ಒಮ್ಮೆ, "ಅವನ ತಾಯಿ ಅಲ್ಲೇ ಇದ್ಲಾ?" ಎಂದು ಕೇಳಿದಳು. ಇದ್ದಳು ಎಂದಾಗ ಕಣ್ಣೊರೆಸಿಕೊಂಡಳು. ಕಟ್ಟೆಯ ಮೇಲಿನವರು ಏನು ಮಾಡಬೇಕೋ ತಿಳಿಯದೆ ಒಬ್ಬೊಬ್ಬರಾಗಿ ಎದ್ದು ಹೋದರು. ಮರುಳಪ್ಪ ಕೊನೆಗೆ ಹೋದ.

"ಮುಂದಿನ ಸಾವಿನಾಗೆ ನಿನ್ನ ನೋಡ್ಕಂತೀನಿ" ಎಂದು ಹೇಳಿ ಹೋದ.

ಮುಂದಿನ ಸಾವು ಸಿದ್ದಲಿಂಗಮ್ಮನದೇ ಆಯಿತು. ಜುಲೈ 31, ಮಂಗಳವಾರ, ಬೆಳಿಗ್ಗೆ. ಎಲೆ ಅಡಿಕೆ ಕುಟ್ಟುತ್ತಾ ಕೂತವಳು ಹಾಗೇ ಗೋಡೆಗೆ ಒರಗಿದಳು. ಸುದ್ದಿ ಕೇರಿಗೆ ಬಂದಾಗ ಚಿಕ್ಕಹನುಮಂತಪ್ಪ ಹಗ್ಗ ಹೊಸೆಯುತ್ತಿದ್ದ. ಹಗ್ಗ ಬಿಟ್ಟು ಅತ್ತ. ಆ ಮೆಟ್ಟಿಲಿನ ಮೇಲೆ ಅವನನ್ನು ಕೂರಿಸಿದ್ದು ಆ ಮುದುಕಿ ಒಬ್ಬಳೇ.

ಒಂಬತ್ತು ಗಂಟೆಗೆ ಮರುಳಪ್ಪನ ಆಳು ಕರೆಯಲು ಬಂದ. ಚಿಕ್ಕಹನುಮಂತಪ್ಪ ಹೋಗಲಿಲ್ಲ. ಒಂಬತ್ತೂವರೆಗೆ ಮರುಳಪ್ಪನೇ ಬಂದ. ಸಾವಿನ ಮನೆಯಿಂದ ಎದ್ದು ಬಂದವನು, ಬರಿಮೈ, ಕೈಯಲ್ಲಿ ದನ ಹೊಡೆಯುವ ಬೆತ್ತ. ಹಿಂದೆ ತಮ್ಮ ಶಿವಮೂರ್ತಪ್ಪ. ಕೇರಿಯ ಬಾಯಲ್ಲಿ ನಿಂತರು. ಒಳಗೆ ಬಂದರೆ ಮೈಲಿಗೆ.

"ಚಿಕ್ಯಾ, ಹೊರಡು. ಮೊದ್ಲು ಹೊನ್ನಾಳಿ, ಆಮ್ಯಾಲೆ ನ್ಯಾಮತಿ. ನಾಳೆ ಜಗಳೂರು ಕಡೆ."

ಚಿಕ್ಕಹನುಮಂತಪ್ಪ ಎದ್ದು ಬಂದ. ಕೈ ಕಟ್ಟಲಿಲ್ಲ. "ಗೌಡ್ರೆ, ಅವ್ವಾರು ಹೋಗಿದ್ದು ಹೊಟ್ಟೆ ಉರೀತೈತೆ. ಗುಣಿ ತೋಡ್ಬೇಕಾ, ತೋಡ್ತೀನಿ. ಕಟ್ಟಿಗೆ ಒಡೀಬೇಕಾ, ಒಡೀತೀನಿ. ನೆರೆಹೊರೆಯೋನು ಮಾಡೋದು ಏನಿದ್ರೂ ಮಾಡ್ತೀನಿ. ಸುದ್ದಿ ಒಯ್ಯಲ್ಲ."

"ಏನಂದೆ?"

"ಒಯ್ಯಲ್ಲ."

"ನಿಮ್ಮಪ್ಪ ಒಯ್ದ. ನಿಮ್ಮಜ್ಜ ಒಯ್ದ."

"ಒಯ್ದ್ರು. ಸತ್ತೂ ಹೋದ್ರು. ನಾನು ಸತ್ತಿದ್ದೆ, ಈಗ ಎದ್ದೀನಿ. ಎದ್ದೋನ ಕೈಲಿ ಆ ಕೆಲ್ಸ ಆಗಲ್ಲ."

ಬೆತ್ತ ಬಿತ್ತು. ಮೊದಲನೆಯದು ಕುತ್ತಿಗೆಗೆ, ಎರಡನೆಯದು ಕಿವಿಯ ಮೇಲೆ. ರಕ್ತ ಬಂತು. ಏಟು ಬಿದ್ದರೆ ಬಗ್ಗುವುದು ಆ ಬೆನ್ನಿಗೆ ಚಿಕ್ಕಂದಿನ ಅಭ್ಯಾಸ. ಅವತ್ತು ಬಗ್ಗಲಿಲ್ಲ. ಮೂರನೆಯ ಏಟಿಗೆ ಅವನು ಬೆತ್ತದ ತುದಿ ಹಿಡಿದುಕೊಂಡ. ಕಿತ್ತುಕೊಳ್ಳಲಿಲ್ಲ, ತಿರುಗಿಸಿ ಹೊಡೆಯಲಿಲ್ಲ. ಹಿಡಿದು ನಿಂತ, ಅಷ್ಟೆ. ಮರುಳಪ್ಪ ಎಳೆದ. ಬರಲಿಲ್ಲ. ಮತ್ತೆ ಎಳೆದ. ಕೇರಿಯ ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಬಿಡೋ ಬೆತ್ತ."

"ಹೊಡೆಯಲ್ಲ ಅಂದ್ರೆ ಬಿಡ್ತೀನ್ರಿ."

ಭೀಮಕ್ಕ ಗುಡಿಸಲಿನಿಂದ ಹೊರಗೆ ಬಂದಳು. ಕೈಯಲ್ಲಿ ಮುದ್ದೆ ಕೋಲು, ಅದರ ತುದಿಯಲ್ಲಿ ಇನ್ನೂ ಹಿಟ್ಟು.

"ನಮ್ಮತ್ತೆ ಸತ್ತಾಗ ಸುದ್ದಿ ಒಯ್ದೋರು ಯಾರು ಗೌಡ್ರೆ?" ಎಂದಳು. "ಹೇಳ್ರಿ. ನಿಮ್ಮಪ್ಪಾರ ಸುದ್ದಿ ಹೊತ್ಕಂಡು ಇವನು ತಂಗಿ ಮನ್ಯಾಗೇ ಉಂಡು ಹೋದ. ಅವಳಿಗೆ ತಾಯಿ ಸತ್ತಿದ್ದು ಗೊತ್ತಾಗಾಕೆ ಎಂಟು ದಿವ್ಸ ಬೇಕಾತು. ನಿಮ್ಮವ್ವ ಅವ್ವ, ನಮ್ಮವ್ವ ಏನು ಕಟ್ಟಿಗೇನಾ?"

ಮರುಳಪ್ಪ ಬೆತ್ತ ಬಿಟ್ಟ. ಕಣ್ಣು ಕೇರಿಯ ಮೇಲೆ ಹಾಯಿಸಿದ. "ಧರ್ಮಪ್ಪಾ, ನೀನು ಹೋಗು."

ಧರ್ಮಪ್ಪ ತಲೆ ಕೆರೆದುಕೊಂಡ. ಅವನು ಯೇಸುವನ್ನು ನಂಬಿದವನಲ್ಲ. ದೇವರ ಸಹವಾಸವೇ ಬೇಡ ಎನ್ನುವ ಪೈಕಿ. "ನಂಗೆ ನ್ಯಾಮತಿ ದಾರಿ ಗೊತ್ತಿಲ್ರಿ."

"ಮೊನ್ನೆ ನನ್ನ ಎತ್ತು ಹೊಡ್ಕಂಡು ನ್ಯಾಮತಿಗೆ ಹೋಗಿದ್ಯಲ್ಲೋ!"

"ಎತ್ತಿಗೆ ಗೊತ್ತಿತ್ರಿ."

ಯಾರೋ ಒಬ್ಬಳ ಬಾಯಿಂದ ನಗು ಸಿಡಿಯಿತು. ತಕ್ಷಣ ಕೆಮ್ಮಿದಳು.

"ಗಿ‌ಡ್ಡಪ್ಪಾ?"

"ನಂಗೆ ಸಾವು ಅಂದ್ರೆ ಭಾಳ ಹೆದ್ರಿಕೆ ಗೌಡ್ರೆ. ಬಾಯೇ ಬರಲ್ಲ. ಅಲ್ಲಿ ಹೋಗಿ ನಿಂತು ನಾನೇ ಅತ್ಬಿಟ್ರೆ ಅವ್ರು ನಂಗೇ ಸಮಾಧಾನ ಮಾಡ್ಬೇಕಾಗ್ತೈತೆ."

ಈ ಸಲ ಯಾರೂ ಕೆಮ್ಮಲಿಲ್ಲ. ನಗು ಗುಡಿಸಲಿನಿಂದ ಗುಡಿಸಲಿಗೆ ಹರಿಯಿತು. ಮುದುಕರು ಹಲ್ಲಿಲ್ಲದ ಬಾಯಲ್ಲಿ ನಕ್ಕರು. ಮಕ್ಕಳು ಏಕೆಂದು ತಿಳಿಯದೆ ಕುಣಿದರು. ಭೀಮಕ್ಕ ಮುದ್ದೆ ಕೋಲು ಹಿಡಿದುಕೊಂಡೇ ನೆಲಕ್ಕೆ ಕೂತು ಹೊಟ್ಟೆ ಹಿಡಿದು ನಕ್ಕಳು. ಚಿಕ್ಕಹನುಮಂತಪ್ಪ ಕಿವಿಯ ರಕ್ತ ಒರೆಸಿಕೊಳ್ಳುತ್ತಾ, "ನಗಬ್ಯಾಡ್ರೇ, ಅವ್ವಾರು ಸತ್ತಾರೆ, ನಗಬ್ಯಾಡ್ರಿ" ಎಂದು ಕೇರಿಯವರನ್ನು ಬೇಡಿಕೊಂಡ. ಬೇಡಿಕೊಳ್ಳುತ್ತಾ ಅವನಿಗೂ ನಗು ಬಂತು. ಕಣ್ಣಲ್ಲಿ ಸಿದ್ದಲಿಂಗಮ್ಮನಿಗಾಗಿ ಬಂದ ನೀರು ಇನ್ನೂ ಆರಿರಲಿಲ್ಲ.

"ನಾಳೆಯಿಂದ ಒಬ್ರೂ ನನ್ ತೋಟಕ್ಕೆ ಕಾಲಿಡಬ್ಯಾಡ್ರಿ" ಎಂದ ಮರುಳಪ್ಪ.

"ಚಪ್ಲಿ ಹಾಕ್ಕಂಡೂ ಬ್ಯಾಡ್ವೇನ್ರಿ?" ಎಂದು ಹಿಂದಿನಿಂದ ಯಾರೋ ಕೇಳಿದರು.

ಅಣ್ಣ ತಮ್ಮ ಇಬ್ಬರೂ ತಿರುಗಿ ಹೋದರು. ಹತ್ತೂವರೆಗೆ ಶಿವಮೂರ್ತಪ್ಪ ಮೋಟರ್ ಸೈಕಲ್ ಹತ್ತಿ ಸುದ್ದಿ ಹೇಳಲು ಹೊರಟ.

ಅವನಿಗೆ ಆ ಕೆಲಸ ಗೊತ್ತಿರಲಿಲ್ಲ. ಹೊನ್ನಾಳಿಯ ಚಿಕ್ಕಪ್ಪನ ಮನೆಯಲ್ಲಿ ಅವನ ಮುಖ ಕಂಡು ಯಾರೂ ಅಳಲಿಲ್ಲ. "ಓಹೋ, ಶಿವಮೂರ್ತಿ ಬಂದ!" ಎಂದು ಕಾಲಿಗೆ ನೀರು ಕೊಟ್ಟರು. ಚಾಪೆ ಹಾಸಿದರು. ಚಿಕ್ಕಮ್ಮ ಉಪ್ಪಿಟ್ಟಿಗೆ ಇಟ್ಟಳು. ಮಗಳ ಮದುವೆ ಮಾತುಕತೆ ಎಲ್ಲಿಗೆ ಬಂತೆಂದು ಚಿಕ್ಕಪ್ಪ ಶುರು ಮಾಡಿದರು. ನಡುವೆ ಬಾಯಿ ಹಾಕುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ. ತಟ್ಟೆ ಮುಂದೆ ಬಂದ ಮೇಲೆ ಅದನ್ನು ನೋಡಿ ಜೋರಾಗಿ ಅತ್ತುಬಿಟ್ಟ. ಖಾರ ಹೆಚ್ಚಾಯಿತೇನೋ ಎಂದು ಚಿಕ್ಕಮ್ಮ ಮೊಸರು ತಂದಳು. ಈ ಸಂಗತಿಯನ್ನು ಆಮೇಲೆ ಊರಿಗೆಲ್ಲ ಹೇಳಿದ್ದು ಆ ಚಿಕ್ಕಮ್ಮನೇ.

ನ್ಯಾಮತಿ ಮುಟ್ಟುವಾಗ ಸಂಜೆಯಾಗಿತ್ತು. ಹೆಣ ಮರುದಿನ ಮಧ್ಯಾಹ್ನ ಮಣ್ಣಾಯಿತು. ಚಿಕ್ಕಹನುಮಂತಪ್ಪ ಕಿವಿಗೆ ಬಟ್ಟೆ ಕಟ್ಟಿಕೊಂಡು ಹೋಗಿ ದೂರದಲ್ಲಿ ನಿಂತು ಕೈ ಮುಗಿದು ಬಂದ.

ಗುರುವಾರದಿಂದ ಮರುಳಪ್ಪನ ತೋಟದಲ್ಲಿ ಕೇರಿಯವರಿಗೆ ಕೆಲಸವಿರಲಿಲ್ಲ. ತ್ಯಾವಣಿಗೆ ಕಡೆ ನಾಲೆಯ ಬಯಲಲ್ಲಿ ಭತ್ತದ ನಾಟಿ ನಡೆದಿತ್ತು. ಭೀಮಕ್ಕ, ಚಿಕ್ಕಹನುಮಂತಪ್ಪ, ಧರ್ಮಪ್ಪ, ಗಿಡ್ಡಪ್ಪ ಎಲ್ಲರೂ ಬೆಳಕು ಹರಿಯುವ ಮುಂಚೆ ಅಲ್ಲಿಗೆ ಹೊರಟರು. ಆ ಶ್ರಾವಣದಲ್ಲಿ ಸಿರಿಗನಕಟ್ಟೆಯ ಊರೊಳಗೆ ಇನ್ನೂ ಇಬ್ಬರು ಸತ್ತರು. ಸುದ್ದಿಯನ್ನು ಅವರವರ ಮನೆಯವರೇ ಒಯ್ದರು.